ಬುಲೆಟ್ಟಿನ ಕೆಳಗೊಂದು ಅಡಿಕೆ ಹಾಳೆ

ಶಿರಸಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಪ್ಪಯ್ಯನ 1978ರ ಬುಲೆಟ್ ಹನ್ನೆರಡು ವರ್ಷ ಗೋಣಿಚೀಲಗಳ ಹಿಂದೆ ನಿಂತಿತ್ತು. ಹೊರಗೆಳೆದು, ಟ್ಯಾಂಕಿನ ತುಕ್ಕು ತೆಗೆದು, ಕಾರ್ಬೊರೇಟರ್ ತೊಳೆದು ಸ್ಟಾರ್ಟ್ ಮಾಡಲಿಕ್ಕೆ ಎರಡು ತಿಂಗಳು ಸಾಕಾಯಿತು. ಎಣ್ಣೆ ಸೋರುವುದು ನಿಲ್ಲಲಿಕ್ಕೆ ಇಡೀ ಮಳೆಗಾಲ ಹಿಡಿಯಿತು.

ಎಂಜಿನ್ ಅಡಿಗೆ ಅಡಿಕೆ ಹಾಳೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅದರ ಗುಳಿಯಲ್ಲಿ ಚಮಚದಷ್ಟು ಕರಿ ಎಣ್ಣೆ. ಅಪ್ಪಯ್ಯ ಎಲೆಯಡಿಕೆ ಕವಳ ಹಾಕುತ್ತ, "ಬುಲೆಟ್ಟು ಸೋರ್ತಿಲ್ಲೆ ಅಂದ್ರೆ ಒಳಗೆ ಎಣ್ಣೆ ಇಲ್ಲೆ ಹೇಳಿ ಅರ್ಥ, ತಮಾ" ಎಂದು ನಗ್ಯಾಡಿದ.

ಪೇಟೆಯ ಗ್ಯಾರೇಜೊಂದರಲ್ಲಿ ಎಲ್ಲ ಜೋಡಣೆಗೂ ಸಿಲಿಕಾನ್ ಗಮ್ ಬಳಿದುಕೊಟ್ಟರು. ನೂರು ಕಿಲೋಮೀಟರ್ ಆಗುವುದರೊಳಗೆ ಮತ್ತೆ ಅದೇ ಕಥೆ. ಬಿಚ್ಚಿದರೆ ಗಮ್ಮಿನ ಎಳೆಗಳು ಒಳಗೂ ನೇತಾಡುತ್ತಿದ್ದವು. ಒಂದೆಳೆ ಎಣ್ಣೆ ದಾರಿಗೆ ಅಡ್ಡ ಬಿದ್ದಿದ್ದರೆ ಎಂಜಿನ್ನೇ ಸೀಜ್, ಒಳಗೆಲ್ಲ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಅಲ್ಲಿಂದ ನಾನೇ ಕೈಹಾಕಿದೆ.

ಎಂಜಿನ್ನಿನ ಹೊರಮೈಗೆ ಡೀಸೆಲ್ ಹಾಕಿ ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಎಣ್ಣೆ ಎಲ್ಲಿಂದ ಬರುತ್ತದೆಂದು ಕಾಣಲಿಕ್ಕೆ ಟಾಲ್ಕಂ ಪೌಡರ್ ಎರಚಿದೆ. (ಮೊದಲು ಕವಳದ ಸುಣ್ಣ ಬಳಿಯೋಣ ಅನಿಸಿತ್ತು. ಸುಣ್ಣ ಅಲ್ಯೂಮಿನಿಯಂ ತಿನ್ನುತ್ತದೆ, ಬಿಟ್ಟೆ.) ಐದಾರು ನಿಮಿಷ ನಿಂತಲ್ಲೇ ಓಡಿಸಿದೆ. ರಸ್ತೆಗಿಳಿದರೆ ಗಾಳಿ ಎಣ್ಣೆಯನ್ನು ಹಿಂದಕ್ಕೆಲ್ಲ ಹರಡಿಬಿಡುತ್ತದೆ. ನಿಂತಲ್ಲಾದರೆ ಅದು ನೇರ ಕೆಳಗಿಳಿಯುತ್ತದೆ. ಹಸಿ ಗೆರೆ ಹಿಡಿದು ಮೇಲೆ ಹೋದರೆ ಬಲಬದಿಯ ಟ್ಯಾಪೆಟ್ ಕವರ್, ಅಂದರೆ ವಾಲ್ವ್ ಎತ್ತುವ ಭಾಗಗಳ ಮುಚ್ಚಳ.

ಆ ಕವರಿಗೆ ನಡುವೆ ಒಂದೇ ನಟ್ಟು. ಯಾರೋ ಹಿಂದೆ ಬಲವೆಲ್ಲ ಹಾಕಿ ಬಿಗಿದಿದ್ದರು. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಕವರ್ ಉಜ್ಜಿದರೆ ನಡುಭಾಗವಷ್ಟೇ ಹೊಳೆಯಿತು, ತುದಿಗಳು ಕಪ್ಪಾಗಿಯೇ ಉಳಿದವು. ಬಾಗಿತ್ತು. ಸುತ್ತಲೂ ಹೊಳಪು ಬರುವವರೆಗೆ ತಿಕ್ಕಿ, ಸಂದಿ ಮುಚ್ಚುವ ತೆಳು ಪದರ, ಹೊಸ ಗ್ಯಾಸ್ಕೆಟ್ ಕೂರಿಸಿ, ನಟ್ಟನ್ನು ಹದವಾಗಿ ಬಿಗಿದೆ.

ಸೋರುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಈಗ ಸಿಲಿಂಡರ್ ಬುಡದಲ್ಲೂ ಪೌಡರ್ ಒದ್ದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಬರುತ್ತಿದೆ ಎಂದರೆ ಒಳಗಿಂದ ಏನೋ ತಳ್ಳುತ್ತಿದೆ ಎಂದು ಆಗ ಹೊಳೆಯಿತು. 346 ಸಿಸಿಯ ಒಂಟಿ ಪಿಸ್ಟನ್ ಇಳಿದಾಗಲೆಲ್ಲ ಅಷ್ಟೂ ಗಾಳಿಯನ್ನು ಕೆಳಗಿನ ಎಂಜಿನ್ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಒತ್ತುತ್ತದೆ. ಅದು ಹೊರಹೋಗಲಿಕ್ಕಿರುವ ಬ್ರೀದರ್ ಪೈಪಿನ ತುದಿಗೆ ಬಾತುಕೋಳಿ ಕೊಕ್ಕಿನಂಥ ರಬ್ಬರ್. ಪಿಸ್ಟನ್ ಇಳಿದಾಗ ತೆರೆಯಬೇಕು, ಏರಿದಾಗ ಮುಚ್ಚಬೇಕು. ನನ್ನದು ಒಣಗಿದ ಮುರುಗಲ ಸಿಪ್ಪೆಯ ಹಾಗೆ ಗಟ್ಟಿಯಾಗಿ, ತುಟಿ ಅಂಟಿಕೊಂಡಿತ್ತು. ಬಾಯಿಟ್ಟು ಊದಿದರೂ ಉಸಿರು ದಾಟಲಿಲ್ಲ. ದಾರಿ ಸಿಗದ ಗಾಳಿ ಗ್ಯಾಸ್ಕೆಟ್ ಸಂದಿಗಳಲ್ಲಿ ಎಣ್ಣೆಯನ್ನೂ ಹೊತ್ತುಕೊಂಡು ಹೊರಡುತ್ತಿತ್ತು. ಎಲ್ಲಕ್ಕಿಂತ ಅಗ್ಗದ ಸಾಮಾನು ಅದು. ಕೊನೆಗೆ ನೋಡಿದ್ದೂ ಅದನ್ನೇ.

ಹೊಸ ರಬ್ಬರ್ ಹಾಕಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬಂದೆ. ಮರುದಿನ ಹಾಳೆ ಒಣಗಿಯೇ ಇತ್ತು. ಅಪ್ಪಯ್ಯ ಅದನ್ನು ನೋಡಿದವನೇ ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದ. ಮಟ್ಟ ಕಡಿಮೆ! ರಾತ್ರಿ ನಿಂತಾಗ ಎಣ್ಣೆಯು ತನ್ನ ಟ್ಯಾಂಕಿನಿಂದ ಪಂಪ್ ದಾಟಿ ಕ್ರ್ಯಾಂಕ್ ಕಡೆಗೆ ಇಳಿದಿರುತ್ತದೆ, ಸ್ವಲ್ಪ ಓಡಿಸಿ ಆಮೇಲೆ ಅಳೆಯಬೇಕು ಎಂದು ಎಷ್ಟು ಹೇಳಿದರೂ, "ನಾ ಹೇಳಿದ್ನಿಲ್ಯನಾ" ಎನ್ನುತ್ತಲೇ ಒಳಗೆ ಹೋದ.