ಫಾರಂ ಅಚ್ಚಾಗುವ ಮುಂಚೆಯೇ ಊರವರನ್ನು ಕರೆಯಿರಿ

ಮಂಡ್ಯದ ಕಡೆಯ ಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ನೀವು ಸಂಶೋಧನೆಗೆ ಹೊರಟಿದ್ದೀರಿ ಎಂದುಕೊಳ್ಳಿ. ‘ದಿನಕ್ಕೆ ಎಷ್ಟು ಕಪ್ ಅನ್ನ?’ ಎಂದು ಕೇಳಿದಿರೋ, ಕೆಟ್ಟಿತು. ಊಟವೆಂದರೆ ಅಲ್ಲಿ ಮುದ್ದೆ, ಅದೂ ಮನೆಗೊಂದು ಗಾತ್ರ. ಪುಟ್ಟ ತಕ್ಕಡಿ ಒಯ್ದು ತೂಗಿ ಎಂದು ಹೇಳಿಕೊಡುವವರು ಮುದ್ದೆ ಕಟ್ಟುವವರೇ. ಅವರ ಜೊತೆ ಕೂರಬೇಕಾದ್ದು ಸಂಶೋಧನೆಯ ಪ್ರಸ್ತಾವನೆ ಬರೆಯುವಾಗಲೇ, ಪ್ರಶ್ನೆಗಳು ಅಚ್ಚಾದ ಮೇಲಲ್ಲ.

ಆ ಸಭೆಗೆ ಊರಿನ ಎಂಟು–ಹತ್ತು ಜನ ಸಾಕು. ಮಾತ್ರೆ ಅರ್ಧಕ್ಕೆ ಬಿಟ್ಟವರು ಅದರಲ್ಲಿ ಇರಲೇಬೇಕು, ಆಸ್ಪತ್ರೆಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತು. ಹಾಗೆಂದು ಆಶಾ ಕಾರ್ಯಕರ್ತೆಯಿಂದ ರೋಗಿಗಳ ಹೆಸರು ಕೇಳಬೇಡಿ. ವಿಷಯ ಮುಟ್ಟಿಸಲಿ, ಇಷ್ಟವಿದ್ದವರು ಬರಲಿ. ಬರೀ ಪಂಚಾಯ್ತಿ ಸದಸ್ಯರೇ ತುಂಬಿಕೊಂಡರೆ ಇನ್ನೊಂದು ಸಭೆ ಕರೆಯಿರಿ.

ಜಾಗ ದೇವಸ್ಥಾನದ ಜಗಲಿ ಬೇಡ, ಎಲ್ಲ ಕೇರಿಯವರೂ ಅಲ್ಲಿ ನಿರಾಳವಾಗಿ ಕೂರುವುದಿಲ್ಲ. ಅಂಗನವಾಡಿ ಅಥವಾ ಶಾಲೆ ವಾಸಿ. ಡೇರಿಗೆ ಹಾಲು ಹಾಕುವ ಹೊತ್ತು, ನಾಟಿ, ಕಬ್ಬಿನ ಕಟಾವು ಬಿಟ್ಟು ದಿನ ಗೊತ್ತುಮಾಡಿ. ಹೆಂಗಸರಿಗೆ ಬೇರೆ ಸಭೆ, ಒಂದೂವರೆ ಗಂಟೆ ಮೀರದಂತೆ. ಚಿಕಿತ್ಸೆ ಕೊಡುವ ಡಾಕ್ಟರು ಎದುರಿಗೆ ಕುರ್ಚಿ ಹಾಕಿಕೊಂಡರೆ ‘ನೀವ್ ಹೇಳ್ದಂಗೆ ಸಾ’ ಎನ್ನುವುದು ಬಿಟ್ಟು ಬೇರೇನೂ ಬರದು, ಅವರು ಹೊರಗಿರಲಿ. ತಪ್ಪಿದ ಕೂಲಿ, ಬಸ್ ಚಾರ್ಜು ಅಂದೇ ಕೈಗೆ ಸಿಗಬೇಕು, ಬಜೆಟ್‌ನಲ್ಲಿ ಮೊದಲೇ ಬರೆಯಿರಿ. ಸಭೆಗೆ ಬಂದವರ ಮಾತನ್ನೇ ದತ್ತಾಂಶವಾಗಿ ಬಳಸುವುದಾದರೆ, ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ರೆಕಾರ್ಡಿಂಗ್ ಆಮೇಲೆ.

ಸಂಶೋಧನೆಗೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿಸಿ, ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಅದೃಷ್ಟಕ್ಕೆ ಬಿಡುವ ‘ಯಾದೃಚ್ಛಿಕ ಹಂಚಿಕೆ’ ಎಂಬ ಮಾತು ಯಾರಿಗೂ ದಕ್ಕದು, ‘ಚೀಟಿ ಎತ್ತಿದ ಹಾಗೆ’ ಎನ್ನಿ. ಓದು ಬಾರದವರ ಹೆಬ್ಬೆಟ್ಟು ಪಡೆಯುವಾಗ ನಿಮ್ಮ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿ ಮೊದಲಿಂದ ಕೊನೆವರೆಗೆ ಕೂತಿದ್ದು ಸಹಿ ಹಾಕಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಹೆಬ್ಬೆಟ್ಟು ಎಂದರೆ ಸಾಲ, ಪಹಣಿ ನೆನಪಾಗುತ್ತದೆ. ಹೆದರಿದವರನ್ನು ಒತ್ತಾಯಿಸಬೇಡಿ, ಕಾಗದ ಮನೆಗೆ ಒಯ್ದು ಮಕ್ಕಳಿಂದ ಓದಿಸಲಿ.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಅವರು ಹೇಳಿದ್ದು, ನಾವು ಬದಲಿಸಿದ್ದು, ಬದಲಿಸದಿದ್ದರೆ ಯಾಕೆ. ಎರಡನೆಯ ಕಾಲಂ ಖಾಲಿಯಿದ್ದರೆ ಆ ಸಭೆ ಬರೀ ಟೀ–ಬಿಸ್ಕತ್ತಿನ ಖರ್ಚು. ಮುಂದಿನ ಸಭೆ ಶುರುವಾಗಬೇಕಾದ್ದು ಈ ಪುಟ ಓದುವುದರಿಂದ. ಕೆಲಸ ಮುಗಿದ ಮೇಲೆ ಫಲಿತಾಂಶವನ್ನು ಅದೇ ಅಂಗನವಾಡಿಯಲ್ಲಿ ಹೇಳಿ, ಏನೂ ಸಿಗಲಿಲ್ಲವೆಂದರೆ ಅದನ್ನೂ. ಯಾರ ಸಕ್ಕರೆ ಎಷ್ಟೆಂಬ ಅಂಕಿ ಮಾತ್ರ ಸಭೆಗೆ ಬೇಡ, ಅದು ಅವರವರ ಕೈಗೆ, ಮುಚ್ಚಿದ ಲಕೋಟೆಯಲ್ಲಿ.