ಸ್ಪಿತಿಗೆ ಹೋಗುವವರು ಮನಾಲಿ ಕಡೆಯಿಂದ ಹತ್ತಬೇಡಿ

ನಮ್ಮ ಬಳ್ಳಾರಿ, ಕೊಪ್ಪಳ ಕಡೆಯಿಂದ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೊರಟವರು ಶಿಮ್ಲಾ, ಕಿನ್ನೌರ್ ದಾರಿಯಲ್ಲಿ ಹೋಗಿ, ವಾಪಸ್ ಬರುವಾಗ ಮನಾಲಿಗೆ ಇಳಿಯಿರಿ. ಬಳ್ಳಾರಿ ಇರುವುದೇ 500 ಮೀಟರ್ ಆಸುಪಾಸಿನಲ್ಲಿ, ಸ್ಪಿತಿಯ ಮುಖ್ಯ ಊರು ಕಾಜಾ ಸುಮಾರು 3,700 ಮೀಟರ್. ಮನಾಲಿಯಿಂದ ಹೊರಟರೆ 4,551 ಮೀಟರಿನ ಕುಂಜಮ್ ಪಾಸ್ ಎಂಬ ಬೆಟ್ಟದ ದಾರಿ ದಾಟಿ ಒಂದೇ ದಿನದಲ್ಲಿ ಅಲ್ಲಿಗೆ ಹೋಗಿಬಿಡುತ್ತೀರಿ. ತೆಳು ಗಾಳಿಗೆ ಹೊಂದಿಕೊಳ್ಳಲು ಮೈಗೆ ಟೈಮ್ ಸಿಗುವುದಿಲ್ಲ. ಆ ರಾತ್ರಿ ತಲೆ ಸಿಡಿತ, ವಾಂತಿ, ನಿದ್ದೆ ಇಲ್ಲ. ಶಿಮ್ಲಾ ಕಡೆಯಿಂದಾದರೆ 2,200, ಆಮೇಲೆ ಕಲ್ಪಾ 2,960, ತಾಬೋ 3,280 ಹೀಗೆ ಮೆಟ್ಟಿಲು ಹತ್ತಿದಂತೆ. ಕಲ್ಪಾದಲ್ಲಿ ಎರಡು ರಾತ್ರಿ ಇದ್ದರೆ ಇನ್ನೂ ಒಳ್ಳೆಯದು, ಎದುರಿಗೇ ಕಿನ್ನರ್ ಕೈಲಾಸ ಪರ್ವತ ಕಾಣುತ್ತದೆ. ತಾಬೋದಲ್ಲಿ ಕ್ರಿ.ಶ. 996ರ ಬೌದ್ಧ ಮಠವಿದೆ, ಅದನ್ನು ನೋಡುತ್ತಾ ಅರ್ಧ ದಿನ ಸುಮ್ನೆ ಕಳೆಯಬಹುದು. ದಿನ ಜಾಸ್ತಿ ಬೇಕು ಅನ್ನುವುದು ನಿಜ, ನಾಲ್ಕೈದು ದಿನದ ರಜೆಯಲ್ಲಿ ಇದು ಆಗದ ಮಾತು. ಜುಲೈ, ಆಗಸ್ಟ್ ಮಳೆಯಲ್ಲಿ ಕಿನ್ನೌರ್ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ, ಆಗ ಈ ಉಪಾಯ ಕೈ ಕೊಡಬಹುದು. ಚಳಿಗಾಲದಲ್ಲಿ ಹಿಮ ಬಿದ್ದು ಕುಂಜಮ್ ಮುಚ್ಚಿರುತ್ತದೆ, ಹಾಗಾಗಿ ಹೋದ ದಾರಿಯಲ್ಲೇ ಮರಳಬೇಕು. ನಿಧಾನ ಹತ್ತಿದರೂ ಕೆಲವರಿಗೆ ತ್ರಾಸ ಆಗುತ್ತದೆ. ಕೂತಲ್ಲೇ ಉಸಿರು ಕಟ್ಟಿದರೆ, ನಡೆಯುವಾಗ ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಕೆಳಗೆ ಇಳಿಯಿರಿ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಟಿಕೆಟ್ ಮಾಡಿಸಿ. ಹಾಂ, ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಳ್ಳಿ, ಅಲ್ಲಿನ ಒಣ ಚಳಿಗೆ ಏನೂ ಕೆಡುವುದಿಲ್ಲ.