ಹಳೇ ಕಾರು, ಇ20 ಪೆಟ್ರೋಲು, ಮೂರು ವಾರದ ಮಳೆ

ನನ್ನ ಕಾರು 2012ರದ್ದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ಬರೋದು, ಮಧ್ಯೆ ಪೇಟೆಗೆ ಒಂದೆರಡು ಸಲ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಪೆಟ್ರೋಲಿಗೆ ಎಥೆನಾಲ್, ಅಂದರೆ ಮದ್ಯಸಾರ, ಶೇಕಡಾ 10ರವರೆಗೆ ಬೆರೆಸಿದ್ದರೆ ಅಡ್ಡಿಯಿಲ್ಲ ಎಂದಿದೆ. ಬಂಕಿನಲ್ಲಿ ಈಗ ಹಾಕೋದು ಶೇಕಡಾ 20ರದ್ದು, ಅದನ್ನೇ ಇ20 ಅನ್ನೋದು. ಬೇಡ ಅಂದರೆ ಕಾರು ಮನೆಯಲ್ಲೇ ನಿಲ್ಲಬೇಕು, ಅಷ್ಟೇ. ಹಾಗಾಗಿ ನಾನೂ ಹಾಕಿಸಿಕೊಂಡು ಓಡಾಡುತ್ತಿದ್ದೇನೆ.

ಮೈಲೇಜಿನ ವಿಷಯ ಮೊದಲು ಮುಗಿಸುತ್ತೇನೆ, ಎಲ್ಲರೂ ಕೇಳೋದು ಅದನ್ನೇ. ಅಡಿಕೆ ಲೆಕ್ಕದ ಡೈರಿಯ ಹಿಂದಿನ ಪುಟಗಳಲ್ಲಿ ಪೆಟ್ರೋಲ್ ಲೆಕ್ಕವನ್ನೂ ಬರೆಯೋದು ನನ್ನ ಹಳೇ ಚಟ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ನೋಡಿದ್ದು. 2021ರ ಬೇಸಿಗೆಯಲ್ಲಿ ಲೀಟರಿಗೆ 17.8 ಕಿ.ಮೀ. ಇತ್ತು. ಈಗ 16.9 ಬರುತ್ತಿದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಶೇಕಡಾ 10 ಇದ್ದದ್ದು 20 ಆದರೆ ಮೈಲೇಜ್ ಶೇಕಡಾ 3-4 ಇಳಿಯೋದು ಲೆಕ್ಕಕ್ಕೆ ಸರಿಯೇ. ಉಳಿದದ್ದು ಕಾರಿಗೆ ವಯಸ್ಸಾದ ಬಾಬ್ತು. ಮೈಲೇಜ್ ಅರ್ಧಕ್ಕೆ ಬಂತು ಅನ್ನೋರು ಒಮ್ಮೆ ಟೈರಿನ ಗಾಳಿ ನೋಡಿಸೋದು ಒಳ್ಳೇದು. ಒಂದು ಲಾಭವನ್ನೂ ಹೇಳಬೇಕು. ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಇಂಜಿನ್ ಮೊದಲು ಟಕಟಕ ಅನ್ನುತ್ತಿತ್ತು, ಈಗ ಅಷ್ಟಿಲ್ಲ. ಇಂಜಿನ್ ಹಾಗೆ ಟಕಟಕ ಅನ್ನದಂತೆ ತಡೆಯೋ ಗುಣಕ್ಕೆ ಆಕ್ಟೇನ್ ಅಂತಾರೆ; ಎಥೆನಾಲಿನಲ್ಲಿ ಅದು ಜಾಸ್ತಿ, ಅದಕ್ಕೇ.

ನಿಜವಾದ ಕಥೆ ಶುರುವಾಗಿದ್ದು ಪುನರ್ವಸು ಮಳೆಯಲ್ಲಿ. ಮನೆಯಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸೋ ಗಡಿಬಿಡಿ ಬೇರೆ. ಕಾರು ಮೂರು ವಾರ ಹಲಸಿನ ಮರದ ಕೆಳಗೇ ನಿಂತಿತ್ತು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು. ಒಂದು ದಿನ ಮಳೆ ಹೊಳವಾಯ್ತು ಅಂತ ಸ್ಟಾರ್ಟ್ ಮಾಡಿದೆ. ಹತ್ತಿತು, ಎರಡು ನಿಮಿಷ ಗೊರ್ರ್ ಅಂದು ನಿಂತುಹೋಯಿತು. ಆಮೇಲೆ ಎಷ್ಟು ತಿರುಗಿಸಿದರೂ ಇಲ್ಲ.

ಮೆಕ್ಯಾನಿಕ್ ಬಂದವನು ಬ್ಯಾಟರಿ ಮುಟ್ಟಲೇ ಇಲ್ಲ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲ್ ತೆಗೆದು ಖಾಲಿ ನೀರಿನ ಬಾಟಲಿಗೆ ಬಿಟ್ಟ. ಅಲ್ಲಾಡಿಸದೆ ಆಕಾಶಕ್ಕೆ ಹಿಡಿದ. ಬಾಟಲಿ ನಡುವೆ ಗೆರೆ ಎಳೆದ ಹಾಗೆ ಎರಡು ಪದರ. ಮೇಲಿನದು ಪೆಟ್ರೋಲ್ ಬಣ್ಣ, ಕೆಳಗಿನದು ಬೇರೆಯೇ, ಸ್ವಲ್ಪ ಮಬ್ಬು.

"ಬಂಕಿನವರು ನೀರು ಹಾಕಿದ್ರಾ?" ಎಂದೆ.

"ಸುಮ್ನೆ ಬಂಕಿನವರನ್ನ ಬೈಬೇಡಿ ಮಾರಾಯ್ರೆ, ಮೊದಲು ನಿಮ್ಮ ಮುಚ್ಚಳ ನೋಡಿ" ಎಂದ.

ಪೆಟ್ರೋಲ್ ಕ್ಯಾಪಿನ ರಬ್ಬರ್ ವಾಷರ್ ಒಡೆದು ಎರಡು ಕಡೆ ಬಿರುಕು ಬಿಟ್ಟಿತ್ತು. ಕ್ಯಾಪಿನ ಸುತ್ತ ಬಟ್ಟಲಿನ ಹಾಗೆ ಒಂದು ತಗ್ಗು ಇರುತ್ತದಲ್ಲ, ಅದರ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತಿದೆ. ಹದಿಮೂರು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಹಲಸಿನ ಮರದ ಕಸ, ಮಣ್ಣು ಸೇರಿ ಅದು ಪೂರ್ತಿ ಕಟ್ಟಿತ್ತು. ಬಟ್ಟಲು ತುಂಬಿದ ಮಳೆನೀರು ಬಿರುಕಿನಿಂದ ಒಳಗೆ ಇಳಿದಿದೆ, ಮೂರು ವಾರ.

ಮಲೆನಾಡಿನ ಥಂಡಿ ಗಾಳಿಯನ್ನೇ ಎಥೆನಾಲ್ ಹೀರಿಕೊಂಡು ಪೆಟ್ರೋಲ್ ಹಾಳಾಗುತ್ತೆ ಅಂತ ನಾನೂ ನಂಬಿದ್ದೆ. ಲೆಕ್ಕ ಹಾಕಿ ನೋಡಿದೆ. 20 ಲೀಟರ್ ಖಾಲಿ ಜಾಗದ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದರಲ್ಲಿರೋ ನೀರು ಅರ್ಧ ಗ್ರಾಂ ಆಸುಪಾಸು. ಅಷ್ಟು ನೀರನ್ನು ಎಥೆನಾಲ್ ತನ್ನಲ್ಲೇ ಕರಗಿಸಿಕೊಂಡು ಇಂಜಿನ್ನಿಗೆ ಸಾಗಿಸುತ್ತದೆ, ಅಲ್ಲಿ ಅದು ಆವಿಯಾಗಿ ಹೋಗುತ್ತದೆ. ಆದರೆ ನೀರು ಲೋಟಗಟ್ಟಲೆ ಬಿತ್ತೋ, ಆಟ ಬದಲಾಗುತ್ತದೆ. ನೀರು ಒಂದೇ ಕೆಳಗೆ ಇಳಿಯೋದಿಲ್ಲ, ಎಥೆನಾಲನ್ನೂ ಎಳೆದುಕೊಂಡು ಇಳಿಯುತ್ತದೆ. ಟ್ಯಾಂಕಿನ ಪಂಪ್ ಎಳೆಯೋದು ತಳದಿಂದ. ಇಂಜಿನ್ನಿಗೆ ಹೋಗಿದ್ದು ಪೆಟ್ರೋಲಲ್ಲ, ಆ ಕೆಳಪದರ.

ಟ್ಯಾಂಕ್ ಪೂರ್ತಿ ಇಳಿಸಿದೆವು. ಮೇಲಿನ ಪದರವನ್ನಾದರೂ ಉಳಿಸಿಕೊಳ್ಳೋಣ ಎಂದೆ, ಹೊಟ್ಟೆ ಉರಿ. ಎಥೆನಾಲ್ ಬಿಟ್ಟುಹೋದ ಪೆಟ್ರೋಲಿಗೆ ಆಕ್ಟೇನ್ ಸಾಲಲ್ಲ ಅಂತ ಮೆಕ್ಯಾನಿಕ್ ಬಿಡಲಿಲ್ಲ. ಫಿಲ್ಟರ್, ಕ್ಯಾಪು, ಒಂದು ರಬ್ಬರ್ ಪೈಪು ಬದಲಾಯಿಸಿದ್ದಾಯ್ತು. ಪೈಪು ಉಗುರಲ್ಲಿ ಒತ್ತಿದರೆ ಗುರುತು ಉಳಿಯುವಷ್ಟು ಮೆತ್ತಗಾಗಿತ್ತು. ಎಥೆನಾಲಿನಿಂದಲೋ ವಯಸ್ಸಿನಿಂದಲೋ, ಯಾರು ಹೇಳಬೇಕು? ಹೊಸ ಪೈಪನ್ನು ಇ20ಗೆ ಆಗುವಂಥದ್ದೇ ಕೇಳಿ ಹಾಕಿಸಿದೆ. ಎಲ್ಲಾ ಸೇರಿ 3,400 ರೂಪಾಯಿ. ಹೋದ ಪೆಟ್ರೋಲು ಬೇರೆ ಲೆಕ್ಕ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಔಷಧಿ ಅಳೆಯೋ ಗಾಜಿನ ಜಾರಿಗೆ 20 ಎಂ.ಎಲ್. ನೀರು, ಮೇಲೆ ಬಂಕಿನಿಂದ ತಂದ 80 ಎಂ.ಎಲ್. ಪೆಟ್ರೋಲು. ಬಾಯಿ ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಟ್ಟೆ. 20ರಲ್ಲಿದ್ದ ನೀರಿನ ಗೆರೆ 35ಕ್ಕೆ ಏರಿತ್ತು. ಏರಿದ ಆ 15 ಎಂ.ಎಲ್. ಎಥೆನಾಲು, ಅಂದರೆ 80 ಎಂ.ಎಲ್. ಪೆಟ್ರೋಲಿನಲ್ಲಿ ಶೇಕಡಾ 20ಕ್ಕೆ ಹತ್ತಿರ. ಮಾಡೋರು ಅಂಗಳದಲ್ಲಿ ಮಾಡಿ, ಒಲೆ ಬೀಡಿ ಏನೂ ಹತ್ತಿರ ಇರಬಾರದು. ನನ್ನ ಮನೆಯವಳು ಆ ಜಾರನ್ನು ಮತ್ತೆ ಒಳಗೆ ತರಲು ಬಿಟ್ಟಿಲ್ಲ.

ಈಗ ಕಾರು ನಿಲ್ಲೋದು ಅಡಿಕೆ ಸುಲಿಯೋ ಚಪ್ಪರದಲ್ಲಿ. ಆ ತೂತಿಗೆ ತಿಂಗಳಿಗೊಮ್ಮೆ ಹಿಡಿಕಡ್ಡಿ ಹಾಕುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ನಾಲ್ಕೈದು ಕಿಲೋಮೀಟರ್ ಓಡಿಸುತ್ತೇನೆ. ಹುಲ್ಲು ಹೊಡೆಯೋ ಮೆಷಿನ್ನಿನ ಪೆಟ್ರೋಲನ್ನಂತೂ ಕೆಲಸ ಮುಗಿದ ದಿನವೇ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವ ತನಕ ಓಡಿಸಿ, ಆಮೇಲೇ ಅಟ್ಟಕ್ಕೆ ಏರಿಸೋದು.